ಎನ್.ಆರ್. ಕಾಲೋನಿಯಲ್ಲಿ ಸ್ವಿಂಗ್ ಜಾಝ್

ನಮ್ಮ ಎನ್.ಆರ್. ಕಾಲೋನಿಗೆ ಹೊಸದೇನೇ ಬರಲಿ, ಎರಡು ದಿನದಲ್ಲಿ ಅದಕ್ಕೆ ನಮ್ಮ ಹಳೆಯ ಪದ್ಧತಿಗಳು ಅಂಟಿಕೊಳ್ಳುತ್ತವೆ. ಸ್ವಿಂಗ್ ಜಾಝ್ ಕೂಡ ತಪ್ಪಿಸಿಕೊಳ್ಳಲಿಲ್ಲ.

ಹಾಡೋರು ಎಲ್ಲಿ?

ನಮ್ಮ ಮಹಡಿ ಮನೆಯಲ್ಲಿ ನಿವೃತ್ತ ಮೇಷ್ಟರಿದ್ದಾರೆ. ಅವರ ಮಗ ಡ್ರಮ್ಸ್ ಬಾರಿಸುತ್ತಾನೆ. ಅವನೂ ನಾಲ್ವರು ಗೆಳೆಯರೂ ಸೇರಿ ಅಜ್ಜಂದಿರ ಕಾಲದ ಅಮೆರಿಕನ್ ಕುಣಿತದ ಧಾಟಿಯಲ್ಲಿ, ಬರೀ ವಾದ್ಯಗಳ ಒಂದು ಸ್ವಿಂಗ್ ಆಲ್ಬಮ್ ಮಾಡಿದ್ದಾರೆ. ಹಳೆಯ ಕಾಲಕ್ಕೆ ಮರ್ಯಾದೆ ಕೊಡಲು ಅದನ್ನು ಕಪ್ಪು ಗ್ರಾಮಫೋನ್ ರೆಕಾರ್ಡಿನಲ್ಲೇ ತಂದರು. ಹಾಗಾಗಿ ಐವರಲ್ಲಿ ಯಾರ ಮನೆಯಲ್ಲೂ ಅದನ್ನು ಕೇಳುವಂತಿಲ್ಲ. ರೆಕಾರ್ಡ್ ಪ್ಲೇಯರ್ ಇರುವುದು ನನ್ನಲ್ಲಿ.

"ಅಂಕಲ್, ಅಪ್ಪ ಒಂದೇ ಒಂದ್ಸಲ ಎದ್ದು ಹೋಗ್ದೆ ಕೂತು ಕೇಳಿದ್ರೆ ಸಾಕು," ಎಂದ ಮೇಷ್ಟರ ಮಗ.

ಮೇಷ್ಟರು ಬಂದು ಕಣ್ಣು ಮುಚ್ಚಿ ಕೂತರು. ಕ್ಲಾರಿನೆಟ್ಟಿನ ದನಿ ಸಂಪಿಗೆಯ ಕಂಪಿನಂತೆ ಕಿಟಕಿಯಿಂದ ಆಚೆ ಹೋಗಿ, ಮತ್ತೆ ಒಳಗೆ ಬಂತು. ಮೂರು ಟ್ಯೂನು ಮುಗಿದ ಮೇಲೆ ಮೇಷ್ಟರು ಕಣ್ಣು ಬಿಟ್ಟರು.

"ಪಕ್ಕವಾದ್ಯದೋರು ಚೆನ್ನಾಗೇ ಬಾರಿಸ್ತಿದಾರೆ. ಹಾಡೋರು ಬಂದ್ಮೇಲೆ ಕರೀರಿ," ಎಂದು ಎದ್ದು ಹೋದರು.

ಅವರೆಕಾಳಿಗೆ

ಭಾನುವಾರ ಮಧ್ಯಾಹ್ನ ಮತ್ತೆ ಹಾಕಿದೆ. ಟ್ರಂಪೆಟ್ ನಿಧಾನವಾಗಿ ತೂಗಿತು, ಬಿಸಿಲೂ ತೂಗಿತು. ನಾನು ಮನಸ್ಸಿನಲ್ಲೇ, ಜನ್ಮದಲ್ಲಿ ಹಾಕದ ಹ್ಯಾಟು ಹಾಕಿಕೊಂಡು, ದೀಪಗಳ ಮಸುಕು ಬೆಳಕಿನಲ್ಲಿ ಹೆಂಡತಿಯ ಕೈ ಹಿಡಿದು ತೇಲುತ್ತಿದ್ದೆ. ಹೆಂಡತಿ ಎದುರಿಗೇ ಕೂತು ನೆನೆದ ಅವರೆಕಾಳು ಹಿದುಕುತ್ತಿದ್ದಳು. ಡ್ರಮ್ಮಿನ ಒಂದೊಂದು ಪೆಟ್ಟಿಗೂ ಒಂದೊಂದು ಬೇಳೆ ಸಿಪ್ಪೆಯಿಂದ ಹಾರಿ ಬೋಗುಣಿಗೆ ಬೀಳುತ್ತಿತ್ತು.

ಪೇಪರ್ ಕೇಳಲು ಬಂದ ಮೇಷ್ಟರು ಬಾಗಿಲಲ್ಲೇ ನಿಂತು ನೋಡಿದರು. "ಇದು ಅವರೆಕಾಳಿಗೆ ಒಳ್ಳೇದು ಕಣಮ್ಮ," ಎಂದರು.

ಸಂಜೆ ಅವರ ಮಗನಿಗೆ ತಿಳಿಸಿದೆ. "ಒಳ್ಳೇದು ಅಂದ್ರಾ!" ಎಂದು ಅವನು ಕಣ್ಣೊರೆಸಿಕೊಂಡ. ಪೂರ್ತಿ ವಾಕ್ಯ ಹೇಳುವಷ್ಟು ಕ್ರೂರಿ ನಾನಲ್ಲ.

ಕಾಫಿ ಹೊತ್ತು

ಆಲ್ಬಮ್ ಬಿಡುಗಡೆಯ ಕಛೇರಿ ಬಸವನಗುಡಿಯ ಒಂದು ಸಭಾಂಗಣದಲ್ಲಿ. ನಮ್ಮ ಬೀದಿಯೆಲ್ಲ ಹೋಯಿತು. ಮೇಷ್ಟರು ಮುಂದಿನ ಸಾಲಿನಲ್ಲಿ ಕೂತರು. ಎಲ್ಲರೂ ತೊಡೆಯ ಮೇಲೆ ತಾಳ ಹಾಕುತ್ತ ಅರೆನಿದ್ದೆಯಲ್ಲಿ ತೂಗಿದರು. ಆಮೇಲೆ ನಾಲ್ವರು ವಾದ್ಯ ಇಳಿಸಿದರು. ಮೇಷ್ಟರ ಮಗನೊಬ್ಬನೇ ಬಾರಿಸತೊಡಗಿದ.

ನಮ್ಮ ಕಡೆ ಕಛೇರಿಯಲ್ಲಿ ಮೃದಂಗದವರು ಒಬ್ಬರೇ ಬಾರಿಸಲು ಶುರು ಮಾಡಿದರೆ, ಅದು ಕಾಫಿಗೆ ಹೊರಡುವ ಹೊತ್ತು. ಸಭೆ ಒಟ್ಟಾಗಿ ಎದ್ದು ನಿಂತಿತು. ಅವನು ಅದನ್ನು ಮೆಚ್ಚುಗೆ ಎಂದುಕೊಂಡು ಇನ್ನೂ ಹುರುಪಿನಿಂದ ಬಾರಿಸಿದ. ನಾವು ಹೊರಗೆ ಕಾಫಿ ಕುಡಿದೆವು.

ನಾನು ಬೇಗ ಮುಗಿಸಿ ಬಂದು ಬಾಗಿಲಲ್ಲಿ ಇಣುಕಿದೆ. ಖಾಲಿ ಸಭಾಂಗಣದಲ್ಲಿ ಮೇಷ್ಟರು ಒಬ್ಬರೇ ಅಲುಗದೆ ಕೂತಿದ್ದರು. ಮಗ ಅವರೊಬ್ಬರಿಗಾಗಿಯೇ ಬಾರಿಸುತ್ತಿದ್ದ. ಮುಗಿದದ್ದೇ ಕೆಳಗೆ ಓಡಿ ಬಂದ.

"ಅಪ್ಪಾ, ನೀವೊಬ್ರೇ ಎದ್ದು ಹೋಗ್ಲಿಲ್ಲ!"

ಮೇಷ್ಟರು ಸುತ್ತಲಿನ ಕುರ್ಚಿಗಳನ್ನು ತೋರಿಸಿದರು. "ನಾನ್ ಹೇಗಪ್ಪ ಹೋಗ್ಲಿ? ಬೀದಿಯೋರೆಲ್ಲ ಕರ್ಚೀಫ್ ಹಾಕಿ, ಸೀಟು ನೋಡ್ಕೊಳ್ಳಿ ಅಂತ ನನಗೇ ಹೇಳಿ ಹೋಗಿದಾರೆ."

ಮಗನ ಮುಖ ಇಳಿಯಿತು. ಮೇಷ್ಟರು ಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದರು.

"ಬಂದ್ರೆ ಮಾತು ಶುರು ಮಾಡ್ತಾರೆ. ಅಷ್ಟರೊಳಗೆ ಇನ್ನೊಂದ್ಸಲ ಬಾರ್ಸು."