ಏಳನೇ ಕ್ಲಾಸಿನ ಗದ್ದಲ, ಹದಿನೇಳರ ಮಗ್ಗಿ

ಅರವತ್ತೆಂಟು ಹುಡುಗರನ್ನ ಒಂದ ಖೋಲ್ಯಾಗ ತುಂಬಿ, ಮುಂದ ಒಬ್ಬಾಕಿ ಅಕ್ಕೋರನ್ನ ನಿಲ್ಲಿಸಿದ ಮ್ಯಾಲೆ ದಿನಾ ಒಂದಿಲ್ಲೊಂದು ಫಜೀತಿ ಆಗೂದ. ಆಗಲಿಲ್ಲಂದ್ರ ಅವತ್ತು ಸೂಟಿ ಅಂತ ತಿಳಕೋಬೇಕು. ಈಗ ಹೇಳೂದೆಲ್ಲಾ ತೊಂಬತ್ತರ ದಶಕದ ಕಡಿಗೆ, ಮುನವಳ್ಳಿ ಹತ್ರದ ಒಂದು ಹಳ್ಳಿ ಸಾಲ್ಯಾಗ ನಡದದ್ದು. ನನ್ನ ತವರು ಬೈಲಹೊಂಗಲ, ಗಂಡನ ಮನಿ ಸವದತ್ತಿ. ಎರಡು ವರ್ಷದ ಮಗಳನ್ನ ಅತ್ತಿಯವರ ಕಡೆ ಬಿಟ್ಟು, ಮುಂಜಾನೆ ಒಂದ ಬಸ್ಸಿಗೆ ಹೋಗಿ ಸಂಜಿಕ ಅದ ಬಸ್ಸಿಗೆ ಬರತಿದ್ದೆ. ಆ ಒಂದ ಬಸ್ಸು ನನ್ನ ಪಾಲಿಗೆ ದೇವರಿದ್ದಂಗ.

೧. ಕಣ್ಣಿನ ಶಕ್ತಿ

ಆ ವರ್ಷ ನಮಗ ಸವದತ್ತ್ಯಾಗ ಮೂರು ದಿನದ ತರಬೇತಿ ಆತು. ಕ್ಲಾಸು ಹೆಂಗ ಸಂಭಾಳಿಸಬೇಕು ಅನ್ನೂದ ವಿಷಯ. "ಬಡಿಗಿ ಬ್ಯಾಡ, ಬೈಗಳ ಬ್ಯಾಡ. ಗದ್ದಲ ಆದ್ರ ಸುಮ್ನ ನಿಂತು ಹುಡುಗರನ್ನ ನೋಡ್ರಿ. ಶಿಕ್ಷಕರ ಕಣ್ಣಿಗೆ ಅಷ್ಟು ಶಕ್ತಿ ಐತಿ" ಅಂದ್ರು ತರಬೇತಿ ಕೊಡಾವ್ರು. ಅಲ್ಲಿ ಕುಂತಿದ್ದ ನಲವತ್ತು ಮಾಸ್ತರು, ಅಕ್ಕೋರ ಗದ್ದಲಕ್ಕ ಆ ಮಾತು ಹಿಂದಿನವರಿಗೆ ಕೇಳಿಸಲೇ ಇಲ್ಲ. ನನ್ನ ದೈವ, ನಾ ಮುಂದ ಕುಂತಿದ್ದೆ.

ಮರುದಿನ ಏಳನೇ ಕ್ಲಾಸಿಗೆ ಹೋದೆ. ಸಂತಿ ನೆರದಂಗ ಗದ್ದಲ. ಪುಸ್ತಕ ಮುಚ್ಚಿ, ಕೈ ಕಟ್ಟಿ, ಕಣ್ಣ ಪಿಳಕಿಸದ ನೋಡಕೋತ ನಿಂತೆ. ಒಂದು ನಿಮಿಷ, ಎರಡು ನಿಮಿಷ. ಖರೇನ, ಗದ್ದಲ ಕಡಿಮಿ ಆತು! ಒಳಗ ಹಿಗ್ಗಿ ಕಣ್ಣು ಇನ್ನಷ್ಟು ಅಗಲ ಮಾಡಿದೆ. ಅಷ್ಟರಾಗ ಮುಂದ ಕುಂತಿದ್ದ ಎರಡು ಜಡಿ ಹುಡುಗಿ ಎದ್ದು ಬಂದು, ನನ್ನ ಮುಖದ ಮುಂದ ಕೈ ಆಡಿಸಿ ನೋಡಿ, ಹೊರಗ ಓಡಿದ್ಲು.

ಹೆಡ್ ಸರ್ ಏದುಸಿರು ಬಿಟಗೋತ ಬಂದ್ರು. ಒಂದು ಕೈಯಾಗ ನೀರಿನ ತಂಬಗಿ, ಇನ್ನೊಂದು ಕೈಯಾಗ ಜಜ್ಜಿದ ಉಳ್ಳಾಗಡ್ಡಿ. ನಾ ಬಾಯಿ ತೆಗಿಯೂದ್ರಾಗ ಅದನ್ನ ನನ್ನ ಮೂಗಿಗೆ ಹಿಡದೇ ಬಿಟ್ರು.

"ಸರ್, ನನಗೇನೂ ಆಗಿಲ್ರಿ! ತರಬೇತ್ಯಾಗ ಹಿಂಗ ನಿಲ್ಲಾಕ ಹೇಳ್ಯಾರ್ರಿ!"

"ಫಿಟ್ಸ್ ಬರಾಕೂ ತರಬೇತಿ ಕೊಡತಾರೇನ್ರಿ ಈಗ?"

ಆಮ್ಯಾಲೆ ಹೊರಗ ಕರದು ಹೇಳಿದ್ರು: "ನೋಡ್ರಿ ಅಕ್ಕೋರ, ನಿಮ್ಮ ಕ್ಲಾಸಿನ ಗದ್ದಲ ಊರ ಅಗಸಿ ಬಾಗಿಲತನಕ ಕೇಳಸ್ತೈತಿ. ಎರಡು ತಿಂಗಳು ಬಿಟ್ಟು ಸಾಹೇಬ್ರು ತಪಾಸಣೆಗೆ ಬರತಾರ. ಆವಾಗೂ ಹಿಂಗ ಇದ್ರ, ನಿಮ್ಮನ್ನ ಹೊಳಿ ಆಚಿ ಸಾಲಿಗೆ ಹಾಕ್ರಿ ಅಂತ ನಾನ ಹೇಳತೇನಿ."

ಹೊಳಿ ಆಚಿ ಸಾಲಿಗೆ ಸವದತ್ತಿಂದ ಮೂರು ಬಸ್ಸು. ಮಗಳು ಏಳೂದ್ರಾಗ ಮನಿ ಬಿಡಬೇಕು, ಆಕಿ ಮಲಗಿದ ಮ್ಯಾಲೆ ಬರಬೇಕು. ನನ್ನ ಕಣ್ಣಾಗ ದಳದಳ ನೀರು ಬಂತು.

"ಅಳಬ್ಯಾಡ್ರಿ" ಅಂದ್ರು ಹೆಡ್ ಸರ್.

"ಅಳಾಕತ್ತಿಲ್ರಿ ಸರ್, ನಿಮ್ಮ ಉಳ್ಳಾಗಡ್ಡಿ ಖಾರ ಐತಿ" ಅಂದೆ.

೨. ಕಬ್ಬಿಗೆ ಬಂದ ಬೇಡಿಕೆ

ತರಬೇತಿಯ ಎರಡನೇ ಔಷಧ ಗುಂಪು. ಹುಡುಗರನ್ನ ಗುಂಪು ಮಾಡಿ, ಹೆಸರಿಟ್ಟು, ಸುತ್ತ ಕುಂದ್ರಸ್ರಿ, ಶಿಸ್ತು ತಾನ ಬರತೈತಿ ಅಂದಿದ್ರು. ನಾನು ಬಾಳ ಶ್ಯಾಣ್ಯಾಕಿ ನೋಡ್ರಿ, ಒಕ್ಕಲತನದ ಊರು ಅಂತ ಬೆಳಿ ಹೆಸರಿಟ್ಟೆ. ಜ್ವಾಳ, ಶೇಂಗಾ, ಹತ್ತಿ, ಕಬ್ಬು.

ಮರುದಿನ ಸಾಲಿ ಬಾಗಿಲಾಗ ಪಟಗಾ ಸುತ್ತಿದ ಹಿರಿಯರೊಬ್ರು ನಿಂತಿದ್ರು. ಆ ಎರಡು ಜಡಿ ಹುಡುಗಿಯ ಅಜ್ಜ.

"ಅಕ್ಕೋರ, ನಮ್ಮ ಮೊಮ್ಮಗಳನ್ನ ಜ್ವಾಳದಾಗ ಕುಂದ್ರಿಸೀರಂತ?"

"ಹೌದ್ರಿ ಅಜ್ಜಾರ."

"ನಮ್ಮದು ಎಂಟು ಎಕರೆ ಕಬ್ಬೈತ್ರಿ! ಬಾಜೂ ಮನಿಯವರಿಗೆ ಒಂದು ಭಾವಿ ಸೈತ ಇಲ್ಲ, ಅವರ ಹುಡುಗನ್ನ ಕಬ್ಬಿನ್ಯಾಗ ಕುಂದ್ರಿಸೀರಿ. ಓಣ್ಯಾಗ ನಾ ಹೆಂಗ ಮುಖ ತೋರಸ್ಲಿ?"

"ಅಜ್ಜಾರ, ಅದು ಬರೇ ಹೆಸರ್ರಿ."

"ಮನಷ್ಯಾಗ ಹೆಸರ ಅಲ್ಲೇನ್ರಿ ಮತ್ತ ಬೇಕಾದದ್ದು?"

ಮಧ್ಯಾಹ್ನಕ್ಕ ಇನ್ನೂ ಆರು ಮಂದಿ ಬಂದ್ರು. ಹತ್ತಿಯವರೂ ಕಬ್ಬಿಗೆ ಹೋಗಬೇಕಂದ್ರು, ಶೇಂಗಾದವರೂ ಕಬ್ಬಿಗೆ ಹೋಗಬೇಕಂದ್ರು. ಒಳಗ ಹುಡುಗರು "ಏ ಜ್ವಾಳ, ಆಚಿ ಸರಿ" ಅಂತ ಜಗಳ ತೆಗದಿದ್ರು. ಗದ್ದಲ ಈಗ ಅಗಸಿ ದಾಟಿ ಹೊಲದತನಕ ಹೋಗಿತ್ತು. ಸಾಕಾಗಿ ನಾಕೂ ಗುಂಪಿಗೆ ಕಬ್ಬು ಅಂತ ಹೆಸರಿಟ್ಟು, ಒಂದು, ಎರಡು, ಮೂರು, ನಾಕು ಅಂತ ನಂಬರ್ ಕೊಟ್ಟೆ. ಊರೆಲ್ಲಾ ಸಮಾಧಾನ ಆತು.

ಮರುದಿನ ಮತ್ತ ಅದ ಅಜ್ಜಾರು ಬಾಗಿಲಾಗ!

"ಇನ್ನೇನ್ರಿ ಅಜ್ಜಾರ?"

"ಎಲ್ಲಾ ಚಲೋ ಮಾಡೀರಿ ಅಕ್ಕೋರ. ಆದ್ರ ನಮ್ಮ ಹುಡುಗಿ ನಾಕನೇ ಕಬ್ಬಿನ್ಯಾಗ ಅದಾಳ. ಕಾಲವಿ ತುದಿಗಿದ್ದವರಿಗೆ ಯಾವಾಗ್ಲೂ ನೀರು ಮುಟ್ಟಂಗಿಲ್ಲ, ಸ್ವಲ್ಪ ನೋಡ್ರಿ."

೩. ಬೋರ್ಡಿನ ಮ್ಯಾಲೆ ಹೆಸರು

ಎರಡು ತರಬೇತಿ ಔಷಧ ಹಾಳಾದ ಮ್ಯಾಲೆ ನಾನು ಹಳೇ ಪದ್ಧತಿಗೆ ಬಂದೆ. ಮಾತಾಡಿದವರ ಹೆಸರು ಮಾನಿಟರ್ ಬೋರ್ಡಿನ ಮ್ಯಾಲೆ ಬರೀಬೇಕು. ಮೊದಲಿದ್ದ ಮಾನಿಟರ್ ಒಂದು ಪೇರಲಕಾಯಿಗೆ ಒಂದು ಹೆಸರು ಅಳಸ್ತಿದ್ದ. ಅವನ್ನ ತೆಗದು ಎರಡು ಜಡಿ ಹುಡುಗಿಯನ್ನ ಮಾಡಿದೆ. ಆಕಿಗೆ ಯಾರ ಹೆದರಿಕೆನೂ ಇರಲಿಲ್ಲ.

"ಒಂದ್ಸಲ ಮಾತಾಡಿದ್ರ ಹೆಸರು ಬರಿ. ಮತ್ತ ಮಾತಾಡಿದ್ರ ಮುಂದ ಗುಣಾಕಾರದ ಗುರುತು ಹಾಕು. ಎದ್ದು ಬಂದು ಹದಿನೇಳರ ಮಗ್ಗಿ ಪೂರಾ ಅನ್ನೂತನಕ ಹೆಸರು ಅಳಿಸಂಗಿಲ್ಲ."

"ಯಾರ ಮಾತಾಡಿದ್ರೂ ಬರೀಲ್ರಿ ಅಕ್ಕೋರ?"

"ಯಾರ ಮಾತಾಡಿದ್ರೂ ಬರಿ."

ಮರುದಿನ ಬಾಗಿಲಾಗ ನಿಂತು ಆರನೇ ಕ್ಲಾಸಿನ ಅಕ್ಕೋರ ಜೋಡಿ ಹೊಸ ಇಳಕಲ್ ಸೀರಿ ಮಾತು ಆಡಿ ಒಳಗ ಬಂದೆ. ಬೋರ್ಡಿನ ಮ್ಯಾಲೆ ದಪ್ಪಗ ಬರದಿತ್ತು: ಅಕ್ಕೋರು. ಮುಂದ ನಾಕು ಗುಣಾಕಾರ.

ಅರವತ್ತೆಂಟು ಮುಖ ನನ್ನನ್ನ ನೋಡಾಕತ್ತಿದ್ವು. ಆವಾಗ ತಿಳೀತು ಕಣ್ಣಿನ ಶಕ್ತಿ ಅಂದ್ರ ಏನಂತ. ಮಗ್ಗಿ ಸುರು ಮಾಡಿದೆ. ಹದಿನೇಳೈದ್ಲೆ ಎಂಬತ್ತೈದರತನಕ ಹೋಗಿ ನಿಂತೆ. ಮುಂದ ಬರವಲ್ದು! ಮಗ್ಗಿ ಕೊಟ್ಟಾಕಿ ನಾನ, ಬರಲಾರದಾಕಿನೂ ನಾನ.

ಸಂಜಿಕ ಬಸ್ಸಿನ್ಯಾಗ ಕಣ್ಣ ಮುಚ್ಚಿ ಬಾಯಿಪಾಠ ಮಾಡಕೋತ ಹೊಂಟಿದ್ದೆ. ಕಂಡಕ್ಟರ್ ಬಂದು, "ಅಕ್ಕೋರ, ಎಲ್ಲಿಗ್ರಿ?" ಅಂದ.

"ಹದಿನೇಳಾರ್ಲೆ ನೂರಾ ಎರಡು" ಅಂದೆ.

ಕಂಡಕ್ಟರ್ ಹಿಂದ ತಿರುಗಿ ಮಂದಿಗೆಲ್ಲಾ ಕೂಗಿ ಹೇಳಿದ: "ಅಕ್ಕೋರಿಗೆ ಒಂದು ಸೀಟ್ ಪೂರಾ ಬಿಡ್ರಪಾ, ಆರಾಮಿಲ್ಲ ಅವರಿಗೆ."

೪. ಸಾಹೇಬ್ರು ಬಂದ್ರು

ಮರುದಿನ ಅಕ್ಕೋರೇ ನಿಂತು ಮಗ್ಗಿ ಪೂರಾ ಅಂದ್ರು ಅಂದಮ್ಯಾಲೆ ಹುಡುಗರು ದಾರಿಗೆ ಬಂದ್ರು. ಕ್ಲಾಸು ಎಷ್ಟು ಶಾಂತ ಆತಂದ್ರ, ಹುಡುಗರನ್ನ ಮನಿಗೆ ಬಿಟ್ಟೇನೇನೋ ಅಂತ ಹೆಡ್ ಸರ್ ಎರಡ್ಸಲ ಕಿಡಕ್ಯಾಗ ಹಣಕಿ ನೋಡಿದ್ರು.

ಅಷ್ಟರಾಗ ಸಾಹೇಬ್ರ ಜೀಪು ಬಂತು. ಹೆಡ್ ಸರ್ ಸಾಹೇಬ್ರನ್ನ ಸೀದಾ ನನ್ನ ಕ್ಲಾಸಿಗೇ ಕರಕೊಂಡು ಬಂದ್ರು. ಇಬ್ರೂ ಹಿಂದ ಕುರ್ಚಿ ಮ್ಯಾಲೆ ಕುಂತ್ರು. ನಾನು ಪಾಠ ಸುರು ಮಾಡಿದೆ. ಒಬ್ಬ ಹುಡುಗನೂ ಪಿಟ್ ಅನ್ನಲಿಲ್ಲ.

ಆದ್ರ ಹಿಂದ ಗುಸುಗುಸು ಸುರು ಆತು. ಎಂ.ಕೆ. ಹುಬ್ಬಳ್ಳಿ ಹತ್ರ ಕಬ್ಬಿನ ಟ್ರ್ಯಾಕ್ಟರ್ ಅಡ್ಡ ನಿಂತು ತಡಾ ಆತು ಅಂತ ಸಾಹೇಬ್ರು, ಊಟಕ್ಕ ಎಣಗಾಯಿ ಮಾಡಸೇನ್ರಿ ಅಂತ ಹೆಡ್ ಸರ್, ಸಜ್ಜಿ ರೊಟ್ಟಿ ಐತೇನ್ರಿ ಅಂತ ಸಾಹೇಬ್ರು.

ಎರಡು ಜಡಿ ಹುಡುಗಿ ಎದ್ಲು. ಚಾಕ್‌ಪೀಸ್ ತಗೊಂಡು ಬರದ್ಲು: ಸಾಹೇಬ್ರು. ಕೆಳಗ: ಹೆಡ್ ಸರ್. ಆಮ್ಯಾಲೆ ನಿಂತಲ್ಲೇ ಗುಣಾಕಾರ ಹಾಕಾಕ ಹತ್ತಿದ್ಲು.

ಮೂರು ಬಸ್ಸು ಕಣ್ಣಮುಂದ ಸಾಲಾಗಿ ನಿಂತ್ವು. ಡಸ್ಟರ್ ತಗೊಂಡು ಮೆಲ್ಲಕ ಬೋರ್ಡಿನ ಕಡೆ ಸರದೆ.

"ಅಕ್ಕೋರ, ಮಗ್ಗಿ ಅನ್ನದ ಅಳಿಸಂಗಿಲ್ರಿ. ನೀವ ಹೇಳೀರಿ" ಅಂದ್ಲು ಹುಡುಗಿ ಖಣಖಣ.

ಸಾಹೇಬ್ರು ತಲಿ ಎತ್ತಿದ್ರು. ಚಷ್ಮಾ ಏರಿಸಿ ಓದಿದ್ರು. ಹೆಡ್ ಸರ್ ಮುಖ ಸುಣ್ಣದಂಗ ಬೆಳ್ಳಗ ಆತು.

"ಏ ಹುಡುಗಿ, ನಾ ಯಾರಂತ ಗೊತ್ತೈತೇನ ನಿನಗ?"

"ಗೊತ್ತೈತ್ರಿ. ಅಲ್ಲೇ ಬರದೇನಲ್ರಿ, ಸಾಹೇಬ್ರು ಅಂತ."

ಸಾಹೇಬ್ರು ಹೊಟ್ಟಿ ಅಲುಗೂವಂಗ ನಕ್ರು. ಎದ್ದು ಮುಂದ ಬಂದು, ಕೈ ಕಟ್ಟಿ, ಮಗ್ಗಿ ಸುರು ಮಾಡಿದ್ರು. ಹದಿನೇಳೇಳ್ಲೆ ನೂರಾ ಹತ್ತೊಂಬತ್ತು ಅಂದು ನಿಂತ್ರು. ಮ್ಯಾಲೆ ಜಂತಿ ನೋಡಿದ್ರು, ಕೆಳಗ ನೋಡಿದ್ರು. ಪಾಪ, ಸಾಹೇಬ್ರಿಗೆ ಹೇಳಿಕೊಡಬೇಕಂತ ಹುಡುಗರ ನಾಲಿಗಿ ತುರಸ್ತಿತ್ತು, ಆದ್ರ ಹೇಳಿದ್ರ ತಮ್ಮ ಹೆಸರು ಬರತೈತಿ!

"ಉಳದದ್ದು ಮುಂದಿನ ಸಲ ಒಪ್ಪಸ್ಲೇನ?" ಅಂದ್ರು ಸಾಹೇಬ್ರು.

"ನಡೀತೈತ್ರಿ. ಹೆಸರು ಹಂಗ ಇರತೈತ್ರಿ" ಅಂದ್ಲು ಹುಡುಗಿ.

"ಹೆಡ್ ಸರ್, ಇನ್ನ ನಿಮ್ಮ ಪಾಳಿ" ಅಂತ ಸಾಹೇಬ್ರು ತಿರುಗಿದ್ರು.

"ಚಹಾ ಆರತೈತ್ರಿ ಸಾಹೇಬ್ರ, ತರತೇನಿ" ಅಂದವ್ರ ಹೆಡ್ ಸರ್ ಹೊರಗ ಓಡಿದ್ರು.

ಭೇಟಿ ಪುಸ್ತಕದಾಗ ಸಾಹೇಬ್ರು ಬರದ್ರು: "ಏಳನೇ ತರಗತಿಯ ಶಿಸ್ತು ಅತ್ಯುತ್ತಮ. ಸ್ವತಃ ಅನುಭವಿಸಿದ್ದೇನೆ. ಈ ಶಿಕ್ಷಕಿ ಇದೇ ಶಾಲೆಯಲ್ಲಿ ಮುಂದುವರಿಯಲಿ." ಅದನ್ನ ಓದಿ ನಾ ಖರೇನ ಅತ್ತೆ. ಈ ಸಲ ಉಳ್ಳಾಗಡ್ಡಿ ಇರಲಿಲ್ಲ.

ನಾಕು ತಿಂಗಳು ಬಿಟ್ಟು ಮತ್ತ ಜೀಪು ಬಂತು. ಸಾಹೇಬ್ರು ಇಳದವ್ರ ನಮಸ್ಕಾರ ಸೈತ ತಗೊಳ್ಳದ ಸೀದಾ ಏಳನೇ ಕ್ಲಾಸಿನ ಬಾಗಿಲಿಗೆ ಬಂದು ನಿಂತು, "ಹದಿನೇಳೆಂಟ್ಲೆ ನೂರಾ ಮೂವತ್ತಾರು! ಹದಿನೇಳೊಂಬತ್ಲೆ ನೂರಾ ಐವತ್ಮೂರು! ಹದಿನೇಳ್ಹತ್ಲೆ ನೂರಾ ಎಪ್ಪತ್ತು!" ಅಂತ ಒಂದ ಉಸಿರಿನ್ಯಾಗ ಒಪ್ಪಿಸಿದ್ರು. ಹುಡುಗಿ ಡಸ್ಟರ್ ತಗೊಂಡು ಅವರ ಹೆಸರು ಅಳಿಸಿ, "ಈಗ ಬೇಕಾರ ಮಾತಾಡ್ರಿ ಸಾಹೇಬ್ರ" ಅಂದ್ಲು.

ಸಾಹೇಬ್ರು ಹಗರಾಗಿ ಉಸಿರು ಬಿಟ್ಟು ಬೋರ್ಡ್ ನೋಡಿದ್ರು. ಕೆಳಗಿನ ಹೆಸರು ಇನ್ನೂ ಇತ್ತು.

"ಅಕ್ಕೋರ, ಹೆಡ್ ಸರ್ ಎಲ್ರಿ?"

"ಅವರು ಇನ್ನೂ ಚಹಾ ತರಾಕ ಹೋಗ್ಯಾರ್ರಿ ಸಾಹೇಬ್ರ" ಅಂದೆ. "ನಾಕು ತಿಂಗಳಾತು, ಈ ಕಡೆ ಬಂದಿಲ್ಲ."