ಜೂನ್ ಲಿಸ್ಟು ಮತ್ತು ನಮ್ಮ ವಾಷಿಂಗ್ ಮಷೀನು

ವರ್ಗಾವಣೆಯ ನೌಕರಿಯಲ್ಲಿರುವವರ ಮನೆಯನ್ನು ಗುರುತು ಹಿಡಿಯುವುದು ಬಹಳ ಸುಲಭ. ಅಲ್ಲಿ ಗೋಡೆಗೆ ಹೊಸ ಮೊಳೆ ಇರುವುದಿಲ್ಲ. ಹಿಂದಿನ ಬಾಡಿಗೆದಾರ ಎಲ್ಲಿ ಮೊಳೆ ಹೊಡೆದು ಹೋಗಿರುತ್ತಾನೋ ಅಲ್ಲಿಯೇ ನಮ್ಮ ಕ್ಯಾಲೆಂಡರು ತೂಗುತ್ತದೆ, ಅದು ಅಡುಗೆಮನೆಯ ಬಾಗಿಲ ಹಿಂದಿದ್ದರೂ ಸರಿ. ಮಂಚದ ಕೆಳಗೆ ಇಣುಕಿದರೆ ಹಗ್ಗ ಬಿಚ್ಚದ ಮರದ ಪೆಟ್ಟಿಗೆಗಳು ಸಿಗುತ್ತವೆ. ಒಳಗೇನಿದೆ ಎಂದು ಮನೆಯವರಿಗೂ ಮರೆತುಹೋಗಿರುತ್ತದೆ. ನಾನು ಬ್ಯಾಂಕಿನ ಅಧಿಕಾರಿ. ಹುಟ್ಟಿದ್ದು ಧಾರವಾಡ, ಅನ್ನ ತಿನ್ನುತ್ತಿರುವುದು ಆಂಧ್ರದ್ದು. ಪ್ರತಿ ವರ್ಷ ಮೇ ತಿಂಗಳಲ್ಲಿ ನಮ್ಮ ಬ್ಯಾಂಕಿನಲ್ಲಿ ಒಂದು ಸುದ್ದಿ ಹುಟ್ಟುತ್ತದೆ: ಈ ಜೂನ್‌ನಲ್ಲಿ ಲಿಸ್ಟ್ ಬರುತ್ತದೆ. ಲಿಸ್ಟ್ ಎಂದರೆ ವರ್ಗದ ಪಟ್ಟಿ. ಬಹಳ ಸಲ ಅದು ಬರುವುದೇ ಇಲ್ಲ, ಬಂದರೂ ಅದರಲ್ಲಿ ನನ್ನ ಹೆಸರಿರುವುದಿಲ್ಲ. ಆದರೂ ಅದು ಬಂದೇ ಬರುತ್ತದೆಂಬ ನಂಬಿಕೆಯ ಮೇಲೆ ನಾನು ಹೂವಿನ ಕುಂಡ ಕೊಂಡಿಲ್ಲ, ಪೇಪರಿನವನಿಗೆ ತಿಂಗಳಿಗಿಂತ ಹೆಚ್ಚು ಮಾತು ಕೊಟ್ಟಿಲ್ಲ, ಬಹಳ ಕಾಲ ತೆಲುಗನ್ನೂ ಕಲಿಯಲಿಲ್ಲ. ಕೌಂಟರಿನಲ್ಲಿ ಬಳಕೆಯಾಗುವ 'ರೇಪು ರಂಡಿ' ಎಂಬ ಎರಡು ಪದಗಳಲ್ಲಿ, ಅಂದರೆ ನಾಳೆ ಬನ್ನಿ ಎನ್ನುವುದರಲ್ಲಿ, ನನ್ನ ಪಾಂಡಿತ್ಯ ಮುಗಿಯುತ್ತಿತ್ತು. ನನ್ನ ಹೆಂಡತಿ ಗಿರಿಜಾ ಮಾತ್ರ ಈ ನಂಬಿಕೆಗೆ ಸೇರಿದವಳಲ್ಲ. ಹೋದ ಊರಿನಲ್ಲಿ ವಾರದೊಳಗೆ ತರಕಾರಿಯವಳ ಮಗಳ ಮದುವೆಯ ಮಾತುಕತೆ ಎಲ್ಲಿಗೆ ಬಂತು ಎಂಬುದು ಅವಳಿಗೆ ಗೊತ್ತಿರುತ್ತದೆ.

ನಾವು ವಿಜಯವಾಡದಲ್ಲಿದ್ದಾಗ ಒಂದು ವಾಷಿಂಗ್ ಮಷೀನು ಕೊಂಡೆವು. ಆಗಿನ್ನೂ ಆ ಯಂತ್ರ ಎಲ್ಲರ ಮನೆಗೂ ಬಂದಿರಲಿಲ್ಲ. ಅದರಲ್ಲೂ ನಮ್ಮದು ಮುಂದಿನಿಂದ ಬಟ್ಟೆ ತುಂಬುವ ಜಾತಿಯದು, ಹೊಟ್ಟೆಯ ಮೇಲೆ ದುಂಡನೆಯ ಗಾಜಿನ ಬಾಗಿಲು. ಓಣಿಯ ಹೆಂಗಸರು ಬಂದು ಅದರ ಮುಂದೆ ಕುರ್ಚಿ ಹಾಕಿಕೊಂಡು ಕೂತು, ನನ್ನ ಪಟ್ಟಾಪಟ್ಟಿ ಚಡ್ಡಿಗಳು ನೊರೆಯಲ್ಲಿ ಏಳುತ್ತ ಬೀಳುತ್ತ ತಿರುಗುವುದನ್ನು ಮೊದಲಿಂದ ಕೊನೆಯ ತನಕ ನೋಡುತ್ತಿದ್ದರು. ನನಗೆ ಮನೆಯಲ್ಲಿ ಮುಖವೆತ್ತಿ ಓಡಾಡುವುದು ಕಷ್ಟವಾಗಿತ್ತು. ಮಷೀನು ಮಾತ್ರ ಬಂಗಾರದಂಥದ್ದು. ಅದನ್ನು ಕೂರಿಸಲು ಬಂದಿದ್ದ ಕಂಪನಿಯವನು ಹಿಂಬದಿಯಿಂದ ಬೆರಳುದ್ದದ ನಾಲ್ಕು ಬೋಲ್ಟುಗಳನ್ನು ಬಿಚ್ಚಿ ನನ್ನ ಕೈಗೆ ಕೊಟ್ಟು, ಇವನ್ನು ಜೋಪಾನವಾಗಿಡಿ, ಮನೆ ಬದಲಾಯಿಸುವಾಗ ಮತ್ತೆ ಹಾಕಬೇಕು, ಲಾರಿಯಲ್ಲಿ ಒಳಗಿನ ಡ್ರಮ್ಮು ಅಲ್ಲಾಡಬಾರದು ಎಂದು ಹೇಳಿ ಹೋದ. ಮಷೀನಿಗೂ ವರ್ಗಾವಣೆ ಎಂಬುದೊಂದು ಇರುತ್ತದೆಂದು ತಿಳಿದ ಆ ಕಂಪನಿಯ ಮೇಲೆ ನನಗೆ ಅವತ್ತೇ ಗೌರವ ಹುಟ್ಟಿತು.

ಮುಂದೊಂದು ಜೂನ್‌ನಲ್ಲಿ ಲಿಸ್ಟ್ ನಿಜಕ್ಕೂ ಬಂತು. ವಿಶಾಖಪಟ್ಟಣ. ಸಾಮಾನು ಕಟ್ಟುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ನಮ್ಮ ಬ್ಯಾಂಕಿನಲ್ಲಿ ಹೆಸರಿದೆ. ಬೇರೆ ಯಾವುದಕ್ಕೂ ಇಲ್ಲದಿದ್ದರೂ ಇದಕ್ಕಿದೆ. ನಾಲ್ಕೂ ಬೋಲ್ಟುಗಳನ್ನು ನಾನೇ ಹಾಕಿ, ಸ್ಪ್ಯಾನರಿನಿಂದ ಬಿಗಿದು, ಮಷೀನಿಗೆ ಗೋಣಿತಾಟು ಸುತ್ತಿ ಲಾರಿ ಹತ್ತಿಸಿದೆ. ಒಂದು ಗೀರೂ ಬೀಳದೆ ಅದು ಸೀತಮ್ಮಧಾರದ ನಮ್ಮ ಬಾಡಿಗೆ ಮನೆಗೆ ಬಂದು ಇಳಿಯಿತು. ಬಚ್ಚಲ ಬಾಗಿಲ ಹೊರಗೆ, ನಲ್ಲಿಯ ಪಕ್ಕದಲ್ಲಿ ಜಾಗ ಮಾಡಿ ನಿಲ್ಲಿಸಿದೆವು.

ಅಲ್ಲಿ ಅದು ಮೊದಲಿಗೆ ಓಡಿದ್ದು ಒಂದೇ ಸಲ. ಬೆಳಗಿನ ಹೊತ್ತು, ನಾನು ಸ್ನಾನಕ್ಕೆ ಹೋಗಿದ್ದೆ. ಹೊರಗೆ ಗಿರಿಜಾ ಮಷೀನು ಹಚ್ಚಿದಳು. ಮೊದಲು ಗೊಣಗಿತು, ಆಮೇಲೆ ಗುಡುಗಿತು, ನೀರು ಹಿಂಡುವ ಹೊತ್ತಿಗೆ ಮೈಮೇಲೆ ದೇವರು ಬಂದಂತೆ ಕುಣಿಯತೊಡಗಿತು. ಕುಣಿಯುತ್ತ ಕುಣಿಯುತ್ತ ಇದ್ದ ಜಾಗ ಬಿಟ್ಟು ಬಂದು ಬಚ್ಚಲ ಬಾಗಿಲಿಗೆ ಆನಿಕೊಂಡು ನಿಂತಿತು. ಆ ಬಾಗಿಲು ಹೊರಕ್ಕೆ ತೆರೆಯುವಂಥದ್ದು. ಒಳಗೆ ನಾನು, ಟವೆಲಿನಲ್ಲಿ. ಬ್ಯಾಂಕಿನ ಸೇಫಿಗೆ ಎರಡು ಬೀಗದ ಕೈ, ಒಂದು ಕ್ಯಾಷಿಯರನ ಹತ್ತಿರ, ಇನ್ನೊಂದು ನನ್ನ ಹತ್ತಿರ. ಎರಡೂ ಕೂಡಿದರೇ ಹಣ ಹೊರಗೆ ಬರುವುದು, ಅವತ್ತು ಪಿಂಚಣಿಯ ದಿನ ಬೇರೆ. ಕೊನೆಗೆ ಪಕ್ಕದ ಮನೆಯ ಅಪ್ಪಾರಾವ್ ಗಾರು ಬಂದು ಮಷೀನನ್ನು ಪಕ್ಕಕ್ಕೆ ತಳ್ಳಿ ನನ್ನನ್ನು ಬಿಡಿಸಿದರು. ಅವರು ಬಂದರಿನಲ್ಲಿ ಸರಕು ಇಳಿಸುವ ವಿಭಾಗದ ಅಧಿಕಾರಿ. ಅವತ್ತು ಬ್ಯಾಂಕಿನ ಬಾಗಿಲಲ್ಲಿ ಕಾದಿದ್ದ ಪಿಂಚಣಿದಾರರೆಲ್ಲ ಒಕ್ಕೊರಲಿನಿಂದ ನನಗೆ ಹೇಳಿದ್ದರಲ್ಲಿ ನನಗೆ ಅರ್ಥವಾದದ್ದು ಕಡಿಮೆ, ಅರ್ಥವಾದಷ್ಟೇ ಸಾಕಾಗಿತ್ತು. ಸಂಜೆ ಬಂದವನೇ, ಈ ಊರಿನ ಕರೆಂಟು ಇದಕ್ಕೆ ಒಗ್ಗುವುದಿಲ್ಲ ಎಂದು ತೀರ್ಪು ಕೊಟ್ಟು ಪ್ಲಗ್ಗು ಕಿತ್ತೆ.

ಅಂದಿನಿಂದ ಮಷೀನು ನಡುಮನೆಯ ಮೂಲೆಗೆ ಬಂತು. ಗಿರಿಜಾ ಅದಕ್ಕೊಂದು ಕಸೂತಿಯ ಬಟ್ಟೆ ಹೊದಿಸಿದಳು. ಅದರ ಮೇಲೆ ಟೆಲಿಫೋನು ಕೂತಿತು. ನವರಾತ್ರಿಯಲ್ಲಿ ಕನ್ನಡದವರ ಪದ್ಧತಿಯಂತೆ ಗೊಂಬೆ ಕೂರಿಸಲು ಅದೇ ಎಲ್ಲಕ್ಕೂ ಮೇಲಿನ ಮೆಟ್ಟಿಲಾಯಿತು; ಇಲ್ಲಿನವರು ಸಂಕ್ರಾಂತಿಗೆ ಕೂರಿಸುತ್ತಾರಾದ್ದರಿಂದ ನೆರೆಯವರ ಮನ ನೋಯಬಾರದೆಂದು ಆಗಲೂ ಅದೇ ಮೆಟ್ಟಿಲು. ಅಷ್ಟು ಭಕ್ತಿಯಿಂದ ನಡೆದುಕೊಂಡ ಯಂತ್ರ ಇನ್ನೊಂದಿರಲಿಕ್ಕಿಲ್ಲ. ಬಟ್ಟೆ ಒಗೆಯಲು ನೂಕಾಲಮ್ಮ ಎಂಬಾಕೆ ಬರುತ್ತಿದ್ದಳು. ಬೆಳಿಗ್ಗೆ ನಲ್ಲಿಯಲ್ಲಿ ನೀರು ಬಿಡುವ ಹೊತ್ತಿಗೆ ಹಿತ್ತಲ ಕಲ್ಲಿನ ಮೇಲೆ ಅವಳು ಬಡಿಯುವ ಸದ್ದಿಗೆ ನನಗೆ ಎಚ್ಚರವಾಗುತ್ತಿತ್ತು. ಹೀಗೆ ಸುಖವಾಗಿದ್ದ ಸಂಸಾರದಲ್ಲಿ ಒಂದು ಬೇಸಿಗೆ ನೂಕಾಲಮ್ಮ ಮಗಳ ಬಾಣಂತನಕ್ಕೆಂದು ಅನಕಾಪಲ್ಲಿಗೆ ಹೋದವಳು ಅಲ್ಲಿಯೇ ಉಳಿದುಬಿಟ್ಟಳು. ಅದೇ ಹೊತ್ತಿಗೆ ಗಿರಿಜಾಗೆ ನೌಕರಿ ಸಿಕ್ಕಿತು.

ಗಿರಿಜಾ ಗಣಿತದಲ್ಲಿ ಪದವಿ ಪಡೆದವಳು, ಬಿ.ಎಡ್. ಕೂಡ ಆಗಿದೆ. ಮದುವೆಯಾದ ಮೇಲೆ ಆ ಸರ್ಟಿಫಿಕೇಟುಗಳು ಹಗ್ಗ ಬಿಚ್ಚದ ಒಂದು ಪೆಟ್ಟಿಗೆಯಲ್ಲಿದ್ದವು. ನಮ್ಮ ಓಣಿಯ ಕೊನೆಯ ಶಾಲೆಯ ಹೆಡ್‌ಮಿಸ್ಟ್ರೆಸ್ಸು ಅವಳನ್ನು ಎಲ್ಲಿ ಕಂಡರೋ, ಏನು ಮಾತಾಡಿದರೋ, ಬರುವ ಜೂನ್‌ನಿಂದ ಗಣಿತದ ಟೀಚರಾಗಿ ಬನ್ನಿ, ಸೋಮವಾರದೊಳಗೆ ಹೇಳಿ ಎಂದಿದ್ದರಂತೆ. ಶಾಲೆ ಶುರುವಾಗುವುದು ನೀರು ಬರುವ ಹೊತ್ತಿಗೇ. ನೌಕರಿಗೆ ಹೋದರೆ ಬಟ್ಟೆಯಿಲ್ಲ, ಬಟ್ಟೆ ಒಗೆದರೆ ನೌಕರಿಯಿಲ್ಲ. ಬೇರೆ ಕೆಲಸದವರನ್ನು ಹುಡುಕಿದ್ದಾಯಿತು, ಸಿಕ್ಕಲಿಲ್ಲ. ನಾನು ಸಮಾಧಾನ ಹೇಳಿದೆ. ಹೆಂಗೂ ಜೂನ್‌ನಲ್ಲಿ ಲಿಸ್ಟ್ ಬರುತ್ತದೆ, ಸೇರಿದ ತಿಂಗಳಿಗೇ ಬಿಡಬೇಕಾದರೆ ಆ ಮಕ್ಕಳಿಗೆ ತಾನೇ ತೊಂದರೆ ಎಂದೆ. ಗಿರಿಜಾ ಕೂಗಾಡುವವಳಲ್ಲ. ಟೆಲಿಫೋನು ಎತ್ತಿ ಕೆಳಗಿಟ್ಟಳು, ಕಸೂತಿಯ ಬಟ್ಟೆ ತೆಗೆದು ಮಡಚಿದಳು.

"ಸೋಮವಾರದೊಳಗ ಇದು ನಡೀಬೇಕು. ನೀವು ಸರಿ ಮಾಡ್ತೀರೋ, ನಾನಽ ಮಾಡ್ಲೋ?" ಎಂದಳು.

ಅವಳ ದನಿಯಲ್ಲಿ ಸಿಟ್ಟಿದ್ದಿದ್ದರೆ ನಾನೂ ಸಿಟ್ಟಾಗಿ ಪಾರಾಗಬಹುದಿತ್ತು. ಆದರೆ ಅಲ್ಲಿದ್ದದ್ದು ಆಸೆ. ಇಷ್ಟು ವರ್ಷ ನನ್ನ ಹಿಂದೆ ಊರೂರು ಸುತ್ತಿದವಳು ತನಗಾಗಿ ಕೇಳಿದ್ದು ಇದೊಂದೇ ಎಂದು ಹೊಳೆಯಿತು. ಶನಿವಾರ ಬ್ಯಾಂಕು ಅರ್ಧ ದಿನ. ಊಟ ಮುಗಿಸಿ ಪಂಚೆ ಮೇಲಕ್ಕೆ ಕಟ್ಟಿ ಮಷೀನಿನ ಮುಂದೆ ಕೂತೆ. ಕಂಪನಿಯ ಅಂಗಡಿಗೆ ಫೋನು ಮಾಡಿದರೆ ಅವರು ಅಚ್ಚುಕಟ್ಟಾಗಿ 'ರೇಪು ರಂಡಿ' ಎಂದಿದ್ದರು. ನಾನು ಊರಿಗೆಲ್ಲ ಹಂಚಿದ್ದು ಹೀಗೆ ವಾಪಸು ಬಂತು.

ಗಾಜಿನ ಬಾಗಿಲು ತೆರೆದೊಡನೆ ಬಂದ ವಾಸನೆಯನ್ನು ಇಲ್ಲಿ ವರ್ಣಿಸುವುದಿಲ್ಲ, ಓದುಗರಲ್ಲಿ ಯಾರಾದರೂ ಊಟಕ್ಕೆ ಕೂತಿರಬಹುದು. ಬಾಗಿಲ ಸುತ್ತ ಇರುವ ರಬ್ಬರಿನ ಮಡಿಕೆಯಲ್ಲಿ ಅಂದಿನ ನೀರು ನಿಂತು ಕರಿ ಬೂಷ್ಟು ಕಟ್ಟಿತ್ತು. ಅದನ್ನು ನಾನು ಹಳೆಯ ಬನಿಯನ್ನಿನಿಂದ ಉಜ್ಜಿದೆ, ಗಿರಿಜಾ ಹಲ್ಲುಜ್ಜುವ ಹಳೆಯ ಬ್ರಷ್ಷಿನಿಂದ ಉಜ್ಜಿದಳು. ಪುಡಿ ಹಾಕುವ ಖಾನೆ ಎಳೆದರೆ ಸೋಪು ಗಟ್ಟಿಯಾಗಿ ಬರ್ಫಿಯ ಹಾಗೆ ಕೂತಿತ್ತು, ಬಿಸಿನೀರಿನಲ್ಲಿ ನೆನೆಹಾಕಿದೆವು. ನೀರಿನ ಪೈಪು ಸೇರುವಲ್ಲಿ ಒಂದು ಸಣ್ಣ ಜಾಲರಿ, ಅದರ ತುಂಬ ಮರಳು. ಕೆಳಗಿನ ಫಿಲ್ಟರು ಜಪ್ಪಯ್ಯ ಅಂದರೂ ಬರಲಿಲ್ಲ, ಕೊನೆಗೆ ಕೊಬ್ಬರಿ ಎಣ್ಣೆ ಬಿಟ್ಟು ತಿರುವಿದಾಗ ಕಪ್ಪು ನೀರಿನ ಜೊತೆಗೆ ಒಂದು ಪಿನ್ನು, ಎರಡು ಗುಂಡಿ, ನನ್ನ ಪೆನ್ನಿನ ಟೋಪಿ ಹೊರಬಂದವು. ಸಮುದ್ರದ ಗಾಳಿಗೆ ಹಿಂಬದಿಯ ತಗಡು ಅಲ್ಲಲ್ಲಿ ತುಕ್ಕು ಹಿಡಿದಿತ್ತು, ಅದಕ್ಕೆ ಮರಳುಕಾಗದ ಹಾಕಿ ಬಣ್ಣ ಬಳಿದೆ. ನಿಂಬೆ ಉಪ್ಪು ಹಾಕಿದ ಬಿಸಿನೀರಿನಿಂದ ಡ್ರಮ್ಮು ತಿಕ್ಕಿದ ಮೇಲೆ ಅದರಲ್ಲಿ ನನ್ನ ಮುಖ ಕಾಣಿಸಿತು, ಹೊಟ್ಟೆ ಸಮೇತ. ಇಬ್ಬರೂ ಕೂಡಿ ಒಂದು ಕೆಲಸ ಮಾಡಿ ಎಷ್ಟು ಕಾಲವಾಗಿತ್ತೋ. ಗಿರಿಜಾ ತಾನು ಕಲಿಸಬೇಕಾದ ಬೀಜಗಣಿತದ ಬಗ್ಗೆ ಹೇಳುತ್ತ ನಗುತ್ತಿದ್ದಳು.

ಭಾನುವಾರ ಬೆಳಿಗ್ಗೆ ನಲ್ಲಿಯಲ್ಲಿ ನೀರು ಬಂತು. ಮಷೀನನ್ನು ಹಳೆಯ ಜಾಗಕ್ಕೆ ತಂದು, ಬಟ್ಟೆ ತುಂಬಿ ಗುಂಡಿ ತಿರುಗಿಸಿದೆವು. ಈ ಸಲ ಯಾರೂ ಬಚ್ಚಲೊಳಗೆ ಇರದಂತೆ ನೋಡಿಕೊಂಡೆ. ಅದು ಚೆನ್ನಾಗಿಯೇ ನೀರು ಕುಡಿಯಿತು, ನೊರೆ ಮಾಡಿತು, ಹಿಂಡುವ ಹೊತ್ತಿಗೆ ಮತ್ತದೇ ಗುಡುಗು, ಅದೇ ಕುಣಿತ. ಸದ್ದಿಗೆ ಅಪ್ಪಾರಾವ್ ಗಾರು ಲುಂಗಿಯಲ್ಲಿಯೇ ಓಡಿ ಬಂದರು, ನಾನು ಮತ್ತೆ ಸಿಕ್ಕಿಕೊಂಡೆನೆಂದು ತಿಳಿದು. ಮೂವರೂ ಹಿಡಿದೆವು, ನಿಲ್ಲಲಿಲ್ಲ. ಪ್ಲಗ್ಗು ಕಿತ್ತೆವು. ಅವರು ಕಾಲುಗಳ ಕೆಳಗೆ ಹಳೆಯ ಟೈರಿನ ತುಂಡು ಕೊಟ್ಟು ನೋಡಿದರು. ನೀರಿನ ಲೋಟ ಮೇಲಿಟ್ಟು ನೆಲ ಸಮ ಇದೆಯೇ ಎಂದು ನೋಡಿದರು. ನಾನು ಮೇಲೆ ಅಕ್ಕಿಮೂಟೆ ಹೇರಿದೆ. ಮಷೀನು ಅದನ್ನು ನೆಲಕ್ಕೆ ಕೆಡವಿ ಅಡುಗೆಮನೆಯ ತನಕ ಅಕ್ಕಿ ಎರಚಿತು. ಗಿರಿಜಾ ಮೊರ ತಂದು ಅಕ್ಕಿ ಗುಡಿಸುತ್ತ ಕೂತಳು. ಮೊರದ ಮೇಲೆ ಬಗ್ಗಿದ ಅವಳ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ. ನಾಳೆ ಬೆಳಿಗ್ಗೆ ಅವಳು ಹೆಡ್‌ಮಿಸ್ಟ್ರೆಸ್ಸಿಗೆ ಬರುವುದಿಲ್ಲವೆಂದು ಹೇಳಿ ಬರುವುದು ನನ್ನ ಕಣ್ಣಿಗೆ ಕಟ್ಟಿತು.

ಅಪ್ಪಾರಾವ್ ಗಾರು ಬೆವರು ಒರೆಸಿಕೊಂಡು, ಲಾರಿಯಲ್ಲಿ ಬರುವಾಗಲೇ ಒಳಗೇನೋ ಸಡಿಲಾಗಿರಬೇಕು ಎಂದರು. ಇದು ನನ್ನ ಕಸುಬಿನ ಮಾನದ ಪ್ರಶ್ನೆ. ಅವರ ತೆಲುಗು, ನನ್ನ ಕನ್ನಡ, ನಡುವೆ ಇಬ್ಬರ ಇಂಗ್ಲಿಷು ಸೇರಿಸಿ ನಾನು ಎದೆಯುಬ್ಬಿಸಿ ಹೇಳಿದೆ: ನಾನು ಕಟ್ಟಿದ ಸಾಮಾನಿನಲ್ಲಿ ಸಡಿಲು ಎಂಬುದೇ ಇರುವುದಿಲ್ಲ, ಲಾರಿಯಲ್ಲಿ ಡ್ರಮ್ಮು ಅಲ್ಲಾಡದಂತೆ ಹಾಕಿದ ನಾಲ್ಕು ಬೋಲ್ಟುಗಳನ್ನು ಇವತ್ತಿನ ತನಕ ಬಿಚ್ಚಿಲ್ಲ. ಜೂನ್‌ನಲ್ಲಿ ಮತ್ತೆ ಹಾಕಬೇಕಾದ್ದನ್ನು ಬಿಚ್ಚುವುದು ಯಾಕೆ? ಅದೂ ಅಲ್ಲದೆ, ಅಷ್ಟು ಕುಲುಕುವ ಲಾರಿಯಲ್ಲಿಯೇ ಅಲ್ಲಾಡಗೊಡದ ಬೋಲ್ಟು ಮನೆಯಲ್ಲಿ ಅಲ್ಲಾಡಗೊಟ್ಟೀತೇ? ಬೇಕಾದರೆ ಬಂದು ನೋಡಿ ಎಂದು ಹಿಂಬದಿಗೆ ಕರೆದುಕೊಂಡು ಹೋಗಿ ತೋರಿಸಿದೆ. ಹೊಸ ಬಣ್ಣದ ನಡುವೆ ನಾಲ್ಕೂ ಬೋಲ್ಟು ಹೊಳೆಯುತ್ತಿದ್ದವು, ನಾನು ಅವಕ್ಕೂ ಒಂದು ಕೈ ಬಣ್ಣ ಬಳಿದಿದ್ದೆ.

ಅಪ್ಪಾರಾವ್ ಗಾರು ಬೋಲ್ಟುಗಳನ್ನು ನೋಡಿದರು. ನನ್ನನ್ನು ನೋಡಿದರು. ಅವರ ಕಡೆ ಹಡಗಿನ ಸರಕನ್ನು ಕಟ್ಟಿದ ಸರಪಳಿ ಬಿಚ್ಚದೆ ಕ್ರೇನು ಎತ್ತುವವರಿಲ್ಲ ಎಂಬರ್ಥದ ಏನನ್ನೋ ಬಹಳ ಮರ್ಯಾದೆಯಿಂದ ಹೇಳಿದರು. ಡ್ರಮ್ಮು ಸ್ಪ್ರಿಂಗಿನ ಮೇಲೆ ತೂಗಾಡಬೇಕು, ಅದನ್ನು ಮೈಗೆ ಕಟ್ಟಿಹಾಕಿದರೆ ಮೈಯೇ ಕುಣಿಯುತ್ತದೆ, ಅಷ್ಟೇ ಸಂಗತಿ. ಗಿರಿಜಾ ಮೊರ ಕೆಳಗಿಟ್ಟು ಎದ್ದು ಬಂದಳು.

"ಹಂಗಾದ್ರ ಕರೆಂಟಿನ ತಪ್ಪಿಲ್ಲ," ಎಂದಳು.

ಸ್ಪ್ಯಾನರು ಅವಳ ಕೈಯಲ್ಲಿತ್ತು. ಬೋಲ್ಟುಗಳನ್ನು ಅವಳೇ ಬಿಚ್ಚಿದಳು, ನಾನು ಟಾರ್ಚು ಹಿಡಿದೆ. ಆಮೇಲೆ ಮಷೀನು ಹಿಂಡಿದ ಸದ್ದು ಅಡುಗೆಮನೆಯ ತನಕವೂ ಬರಲಿಲ್ಲ. ಅವಳು ಅದರ ಮುಂದೆ ಮಣೆ ಹಾಕಿಕೊಂಡು, ಹಿಂದೆ ವಿಜಯವಾಡದ ಹೆಂಗಸರು ಕೂರುತ್ತಿದ್ದರಲ್ಲ ಹಾಗೆ, ಮುಗಿಯುವ ತನಕ ನೋಡುತ್ತ ಕೂತಿದ್ದಳು. ಕಣ್ಣು ಒರೆಸಿಕೊಂಡಳು ಎಂದು ನನ್ನ ಅನುಮಾನ. ನಿಂಬೆ ಉಪ್ಪಿನ ಘಾಟು ಎಂದು ಅವಳ ವಾದ. ಸೋಮವಾರ ಶಾಲೆಗೆ ಹೋಗಿ ಒಪ್ಪಿಗೆ ಕೊಟ್ಟು ಬಂದಳು. ಬೆಳಿಗ್ಗೆ ಬಟ್ಟೆ ತುಂಬಿ ಗುಂಡಿ ತಿರುಗಿಸುವುದು, ವಾರಕ್ಕೊಮ್ಮೆ ರಬ್ಬರು ಒರೆಸಿ ಬಾಗಿಲು ತೆರೆದಿಟ್ಟು ಒಣಗಿಸುವುದು ನನ್ನ ಪಾಲಿಗೆ ಬಂತು. ಜೂನ್ ಬಂತು, ಲಿಸ್ಟ್ ಬರಲಿಲ್ಲ.

ಅದರ ಮುಂದಿನ ಜೂನ್‌ನಲ್ಲಿ ಬಂತು. ಮತ್ತೆ ವಿಜಯವಾಡ. ಆರ್ಡರು ಜೇಬಿನಲ್ಲಿಟ್ಟುಕೊಂಡು ಮನೆಗೆ ಬಂದವನೇ ಅಭ್ಯಾಸಬಲದಿಂದ ಸ್ಪ್ಯಾನರು ಹುಡುಕಿದೆ. ಬೋಲ್ಟುಗಳೆಲ್ಲಿ ಎಂದು ಕೇಳಿದೆ. ಗಿರಿಜಾ ಉತ್ತರಪತ್ರಿಕೆ ತಿದ್ದುತ್ತಿದ್ದಳು. ಎದ್ದು ಹೋಗಿ ಬೋಲ್ಟುಗಳ ಗಂಟನ್ನು ತಂದು ನನ್ನ ಅಂಗೈಯಲ್ಲಿಟ್ಟಳು.

"ಮಷೀನಿಗೆ ಇಲ್ಲೇ ಕೆಲಸ ಅದ, ನನಗೂ ಅದ. ಆರ್ಡರು ಬಂದದ್ದು ನಿಮಗ. ಇವು ನಿಮ್ಮ ಸಾಮಾನಿನ ಜೋಡಿ ಹೋಗ್ಲಿ," ಎಂದಳು.

ಈಗ ನಾನು ವಿಜಯವಾಡದಲ್ಲಿ ಒಂದು ಕೋಣೆ ಹಿಡಿದಿದ್ದೇನೆ. ಬೋಲ್ಟುಗಳು ಕಿಟಕಿಯ ಕಟ್ಟೆಯ ಮೇಲಿವೆ, ಗಾಳಿಗೆ ಪೇಪರು ಹಾರದಂತೆ ಹಿಡಿದುಕೊಂಡಿರುತ್ತವೆ. ವಾರವಿಡೀ ಕೊಳೆಯಾದ ಬಟ್ಟೆಗಳನ್ನು ಒಂದು ಚೀಲಕ್ಕೆ ತುಂಬಿ ಶನಿವಾರ ಮಧ್ಯಾಹ್ನ ರೈಲು ಹತ್ತುತ್ತೇನೆ. ಗೋದಾವರಿ ಸೇತುವೆ ಬಂದಾಗ ಎದುರಿನವರು ಕಾಸು ಎಸೆದು ಕೈಮುಗಿಯುತ್ತಾರೆ, ನಾನು ಚೀಲ ಬೀಳದಂತೆ ತಬ್ಬಿಕೊಂಡಿರುತ್ತೇನೆ. ಅದರಲ್ಲೇನಿದೆ ಎಂದು ಯಾರಾದರೂ ಕೇಳಿದರೆ ಈಗ ತೆಲುಗಿನಲ್ಲಿಯೇ ಸುಳ್ಳು ಹೇಳುವಷ್ಟು ಕಲಿತಿದ್ದೇನೆ. ಸೀತಮ್ಮಧಾರದ ಮನೆಯ ಬಾಗಿಲು ತೆರೆದ ಗಿರಿಜಾ ಮೊದಲು ಚೀಲ ಇಸಿದುಕೊಳ್ಳುತ್ತಾಳೆ, ಆಮೇಲೆ ನನ್ನನ್ನು ಒಳಗೆ ಬಿಟ್ಟುಕೊಳ್ಳುತ್ತಾಳೆ. ಮಷೀನಿಗೆ ಬಟ್ಟೆ ತುಂಬುತ್ತ, ಅಲ್ಲಿ ನಿಮ್ಮ ಪೆಟ್ಟಿಗೆಯ ಹಗ್ಗ ಬಿಚ್ಚಿದಿರೋ ಇಲ್ಲವೋ ಎಂದು ಕೇಳುತ್ತಾಳೆ. ಗಾಜಿನೊಳಗೆ ನನ್ನ ಅಂಗಿಗಳು ತಿರುಗುವುದನ್ನು ನೋಡುತ್ತ ನಾನು, ಜೂನ್‌ನಲ್ಲಿ ಲಿಸ್ಟ್ ಬರುತ್ತದಲ್ಲ, ನೋಡೋಣ ಎನ್ನುತ್ತೇನೆ.