ಮಲಗಿ ಆರಿಸಿದ ಗಾಡಿ

ಹಾಸಿಗೆ ಅಂಗಡಿಯ ಯಜಮಾನರಿಗೆ ಹೆಂಡತಿಯ ಮೇಲೆ ಇದ್ದದ್ದು ಒಂದೇ ದೂರು. ಆಕೆ ಆರಿಸಿದ್ದೆಲ್ಲ ಸರಿಯಾಗಿಯೇ ಇರುತ್ತಿತ್ತು. ಒಂದಾದರೂ ತಪ್ಪಾಗಿದ್ದರೆ ಜಗಳವಾಡಬಹುದಿತ್ತು, ‘ನಾನು ಆಗಲೇ ಹೇಳಿದ್ದೆ’ ಎಂದು ಎದೆಯುಬ್ಬಿಸಬಹುದಿತ್ತು. ಆ ಭಾಗ್ಯವೂ ಅವರಿಗಿರಲಿಲ್ಲ. ಇಪ್ಪತ್ತೊಂದು ವರ್ಷದ ಸಂಸಾರದಲ್ಲಿ ಮನೆ ಹುಡುಕಿದ್ದು ಆಕೆ, ಅಂಗಡಿಗೆ ಜಾಗ ಗೊತ್ತುಮಾಡಿದ್ದು ಆಕೆ, ಮಗಳ ಕಾಲೇಜು, ಯಜಮಾನರ ಕನ್ನಡಕದ ಚೌಕಟ್ಟು, ಕೊನೆಗೆ ಅವರು ತಲೆ ಬಾಚುವ ದಿಕ್ಕು ಕೂಡ (ಎಡದಿಂದ ಬಲಕ್ಕೆ, ಬೋಳು ಕಡಿಮೆ ಕಾಣುತ್ತದೆ) ಆಕೆ ಗೊತ್ತುಮಾಡಿದ್ದೇ. ಮದುವೆಗೆ ಒಪ್ಪಿದ್ದೂ ಮೊದಲು ಆಕೆಯೇ. ಯಜಮಾನರು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ದಿನ ಗೊತ್ತಾಗಿಬಿಟ್ಟಿತ್ತು.

ಹಾಗಾಗಿ ಅವರ ಹಳೆಯ ಪಿಕಪ್ ಗಾಡಿ ಮಾರುಕಟ್ಟೆಯ ನಡುರಸ್ತೆಯಲ್ಲಿ ಹನ್ನೊಂದು ಹಾಸಿಗೆಗಳ ಸಮೇತ ಕೊನೆಯುಸಿರೆಳೆದಾಗ ಯಜಮಾನರಿಗೆ ದುಃಖವಾದದ್ದು ನಿಜ. ಆದರೆ ಆ ದುಃಖದ ಕೆಳಗೆ ಸಣ್ಣದೊಂದು ಆಸೆಯೂ ಮೊಳಕೆಯೊಡೆಯಿತು. ಹೊಸ ಗಾಡಿ ಕೊಳ್ಳಲೇಬೇಕು. ಪೆಟ್ರೋಲೋ ಡೀಸೆಲೋ ಎಂದು ಯಾರಾದರೂ ತೀರ್ಮಾನ ಮಾಡಲೇಬೇಕು. ಆ ಯಾರಾದರೂ ತಾವೇ ಏಕಾಗಬಾರದು?

ಊಟಕ್ಕೆ ಕೂತಾಗ ಘೋಷಿಸಿಯೇಬಿಟ್ಟರು.

“ಈ ಗಾಡಿ ವಿಷಯ ಒಂದನ್ನ ನನಗೆ ಬಿಡು.”

“ಬಿಟ್ಟೆ,” ಎಂದಳು ಹೆಂಡತಿ.

ಯಜಮಾನರು ಎತ್ತಿದ ತುತ್ತನ್ನು ತಟ್ಟೆಗೇ ಇಳಿಸಿದರು. ಆಕೆ ಬೇಡವೆಂದರೆ ಏನೇನು ಹೇಳಬೇಕೆಂದು ಮಧ್ಯಾಹ್ನವೆಲ್ಲ ಹತ್ತಿ ಹಿಂಜುವ ಯಂತ್ರದ ಮುಂದೆ ನಿಂತು ಅಭ್ಯಾಸ ಮಾಡಿದ್ದರು. ಅದೆಲ್ಲ ದಂಡವಾಯಿತು.

“ನಿಜವಾಗ್ಲೂ?”

“ನಿಜವಾಗ್ಲೂ ರೀ. ಒಂದನೇ ತಾರೀಕಿಗೆ ನರ್ಸುಗಳ ಹಾಸ್ಟೆಲಿಗೆ ಅರವತ್ತು ಹಾಸಿಗೆ ಹೋಗ್ಬೇಕು. ಅಷ್ಟರೊಳಗೆ ಗಾಡಿ ಬಂದ್ರೆ ಆಯ್ತು. ಪೆಟ್ರೋಲೋ ಡೀಸೆಲೋ, ಅದು ನಿಮ್ಮಿಷ್ಟ.”

‘ನಿಮ್ಮಿಷ್ಟ’ ಎಂಬ ಪದ ಆ ಮನೆಯಲ್ಲಿ ಕೇಳಿಬಂದದ್ದು ಬಹುಶಃ ಅದೇ ಮೊದಲು. ಯಜಮಾನರಿಗೆ ಪಟ್ಟಾಭಿಷೇಕವಾದಂತಾಯಿತು. ಆದರೆ ಪಟ್ಟಕ್ಕೆ ಬಂದವರ ಮೊದಲ ಕಷ್ಟವೆಂದರೆ ಸಲಹೆಗಾರರು.

ಮೊದಲು ಬಂದವನು ಹೆಂಡತಿಯ ತಮ್ಮ. ಅವನು ಗ್ಯಾರೇಜಿನ ಮೆಕ್ಯಾನಿಕ್. ಅವನ ಬೆರಳ ಸಂದಿಯ ಮಸಿ ಅವನದೇ ಮದುವೆಯ ದಿನವೂ ಹೋಗಿರಲಿಲ್ಲ.

“ಭಾವ, ಪೆಟ್ರೋಲ್ ಗಾಡಿ ಅನ್ನೋದು ಮುದ್ದು ಮಾಡಿ ಬೆಳೆಸಿದ ಮಗು ಥರ. ಸ್ವಲ್ಪ ಭಾರ ಹಾಕಿ ಏರು ಹತ್ತಿಸಿದ್ರೆ ಅಳೋಕೆ ಶುರು ಮಾಡುತ್ತೆ. ಡೀಸೆಲ್ ಅಂದ್ರೆ ಎತ್ತು. ಬಾಯಿ ಮುಚ್ಕೊಂಡು ಎಳೆಯುತ್ತೆ. ಕುಡಿಯೋದೂ ಕಡಿಮೆ.”

“ಬಾಯಿ ಮುಚ್ಕೊಂಡು ಎಲ್ಲಯ್ಯ? ಇಡೀ ಬೀದಿಗೆ ಕೇಳುತ್ತಲ್ಲ ಅದರ ಸದ್ದು.”

“ಅದು ಸದ್ದಲ್ಲ ಭಾವ, ಅದರ ಗತ್ತು.”

ಗತ್ತು ಎಂದರೆ ಯಜಮಾನರು ಸೋಲುತ್ತಿದ್ದರು, ತಮ್ಮಲ್ಲಿ ಅದು ಅಷ್ಟಾಗಿ ಇರಲಿಲ್ಲವಾದ್ದರಿಂದ. ಡೀಸೆಲ್ ಎಂದೇ ನಿಶ್ಚಯಿಸಿ ಅಂಗಡಿಗೆ ಹೋದರು. ಅಲ್ಲಿ ಪಕ್ಕದ ಔಷಧಿ ಅಂಗಡಿಯವರು ಕಾದಿದ್ದರು. ಅವರು ಏನು ಹೇಳಿದರೂ ಕೆಮ್ಮಿಗೆ ಔಷಧಿ ಹೇಳುವ ದನಿಯಲ್ಲೇ ಹೇಳುವವರು.

“ಡೀಸೆಲ್ ಗಾಡಿ ದಿನಾ ದೂರ ಓಡ್ಬೇಕು ಸ್ವಾಮಿ. ನಿಮ್ಮದು ಏನು ಓಟ? ಇಲ್ಲಿಂದ ಮಾರ್ಕೆಟ್ಟು, ಅಲ್ಲಿಂದ ಇಲ್ಲಿಗೆ. ಅದಕ್ಕೆ ಮೈ ಬಿಸಿಯಾಗೋದೇ ಇಲ್ಲ. ಮಸಿಯೆಲ್ಲ ಒಳಗೇ ಕಟ್ಕೊಂಡು ಎದೆ ಹಿಡಿಯುತ್ತೆ. ಪೆಟ್ರೋಲ್ ತಗೊಳ್ಳಿ, ಊಟಕ್ಕೆ ಮುಂಚೆ ಆದ್ರೂ ಸರಿ, ಆಮೇಲೆ ಆದ್ರೂ ಸರಿ.”

ಇಲ್ಲಿಂದ ಮುಂದೆ ನಾಲ್ಕು ದಿನ ಯಜಮಾನರು ಮನುಷ್ಯರಾಗಿರಲಿಲ್ಲ, ಉಯ್ಯಾಲೆಯಾಗಿದ್ದರು. ಬೆಳಗಿನ ಕಾಫಿಗೆ ಡೀಸೆಲ್, ಮಧ್ಯಾಹ್ನದ ಊಟಕ್ಕೆ ಪೆಟ್ರೋಲ್. ಕೊನೆಯಲ್ಲಿ ಯಾರು ಮಾತಾಡಿದರೋ ಅವರದೇ ಮತ. ದಬ್ಬಳ ಹಿಡಿದು ಹಾಸಿಗೆಯ ಅಂಚು ಹೊಲಿಯುತ್ತ ಕೂತವರು ಯೋಚನೆಯಲ್ಲಿ ಮುಳುಗಿ ತಮ್ಮ ಅಂಗಿಯ ತೋಳನ್ನೂ ಸೇರಿಸಿ ಹೊಲಿದುಬಿಟ್ಟರು. ರಾತ್ರಿ ನಿದ್ದೆಯಿಲ್ಲ. ಹಾಸಿಗೆ ಮಾಡುವವರಿಗೆ ನಿದ್ದೆ ಬಾರದಿದ್ದರೆ ಹೊರಗೆ ಹೇಳಿಕೊಳ್ಳುವಂತೆಯೂ ಇಲ್ಲ, ವ್ಯಾಪಾರಕ್ಕೆ ಕುಂದು.

ಇಷ್ಟಾದರೂ ಹೆಂಡತಿ ತುಟಿ ಬಿಚ್ಚಲಿಲ್ಲ. ಅದೇ ಅವರಿಗೆ ತಡೆಯಲಾಗಲಿಲ್ಲ.

“ನೀನೇನಂತೀಯ?”

“ನಾನೇನೂ ಅನ್ನಲ್ಲ.”

“ಏನಾದ್ರೂ ಅನ್ನು ಪರವಾಗಿಲ್ಲ.”

“ನಿಮಗೆ ಬಿಟ್ಟಿದೀನಲ್ಲ ರೀ,” ಎಂದು ಆಕೆ ಎದ್ದು ಒಳಗೆ ಹೋದಳು. ಹೋಗುವಾಗ ಸೆರಗಿನ ತುದಿಯಿಂದ ಬಾಯಿ ಮುಚ್ಚಿಕೊಂಡದ್ದನ್ನು ಯಜಮಾನರು ನೋಡಿದರು. ನಗುತ್ತಿದ್ದಾಳೆ ಎಂದುಕೊಂಡು ಅವರಿಗೆ ಅವಮಾನವಾಯಿತು.

ಐದನೆಯ ದಿನ ಅವರಿಗೆ ಹೊಳೆಯಿತು. ಹೊಳೆದದ್ದು ಅಂಗಡಿಯಲ್ಲೇ, ಗಿರಾಕಿಯೊಬ್ಬರು ಹಾಸಿಗೆಯ ಮೇಲೆ ಮಲಗಿದ್ದಾಗ. ಆ ಅಂಗಡಿಯ ಪದ್ಧತಿ ಗೊತ್ತಿಲ್ಲದವರಿಗೆ ಇಲ್ಲೊಂದು ಮಾತು ಹೇಳಬೇಕು. ಬೇರೆ ಕಡೆ ಹಾಸಿಗೆಯನ್ನು ಅಂಗೈಯಿಂದ ಒತ್ತಿ ನೋಡಿ ಕೊಳ್ಳುತ್ತಾರೆ. ಯಜಮಾನರು ಅದಕ್ಕೆ ಬಿಡುವವರಲ್ಲ. “ರಾತ್ರಿ ಅಂಗೈ ಮೇಲೆ ಮಲಗ್ತೀರಾ?” ಎಂದು ಕೇಳಿ, ಚಪ್ಪಲಿ ಬಿಡಿಸಿ, ಎರಡು ಮೂರು ಹಾಸಿಗೆಗಳ ಮೇಲೆ ಹತ್ತು ಹತ್ತು ನಿಮಿಷ ಮಲಗಿಸುತ್ತಿದ್ದರು. ಗಿರಾಕಿ ಬಾಯಿಂದ ಏನು ಹೇಳಿದರೂ ಲೆಕ್ಕಕ್ಕಿಲ್ಲ. ಯಾವುದರ ಮೇಲೆ ಗೊರಕೆ ಬರುತ್ತದೋ ಆ ಹಾಸಿಗೆಯೇ ಅವರದು. ಗಲ್ಲಾದಲ್ಲಿ ಕೂತ ಹೆಂಡತಿ ಗೊರಕೆ ಕೇಳಿದ ಕೂಡಲೇ ರಸೀದಿ ಪುಸ್ತಕ ಎಳೆದುಕೊಂಡು ಬರೆಯತೊಡಗುತ್ತಿದ್ದಳು. ಗಿರಾಕಿ ಏಳುವಷ್ಟರಲ್ಲಿ ಎಲ್ಲ ಮುಗಿದಿರುತ್ತಿತ್ತು. ಇಷ್ಟು ವರ್ಷದಲ್ಲಿ ಹೀಗೆ ಕೊಂಡ ಒಬ್ಬರೂ ಹಾಸಿಗೆ ವಾಪಸು ತಂದಿರಲಿಲ್ಲ.

“ಗಾಡೀನೂ ಹಾಗೇ ನೋಡ್ತೀನಿ. ಹಿಂದೆ ಹಾಸಿಗೆ ಹಾಕ್ಕೊಂಡು ಮಲಗ್ತೀನಿ. ನೀನು ಓಡಿಸು,” ಎಂದರು.

“ಎಲ್ಲರೂ ಮುಂದೆ ಕೂತು ನೋಡ್ತಾರಲ್ಲ ರೀ.”

“ಮುಂದೆ ಕೂತವರಿಗೆ ಮಾರೋನ ಮಾತು ಕೇಳಿಸುತ್ತೆ. ಹಿಂದೆ ಮಲಗಿದವನಿಗೆ ಗಾಡಿ ಮಾತು ಕೇಳಿಸುತ್ತೆ.”

ಹೆಂಡತಿ ಒಂದು ಕ್ಷಣ ಅವರನ್ನೇ ನೋಡಿದಳು. “ಅದೂ ಸರಿ,” ಎಂದಳು. ಯಜಮಾನರು ಆ ‘ಸರಿ’ಯನ್ನು ಮನಸ್ಸಿನಲ್ಲಿ ಎರಡು ಸಲ ಹೇಳಿಕೊಂಡರು.

ಶನಿವಾರ ಬೆಳಿಗ್ಗೆ ಹತ್ತೂವರೆಗೆ ದಂಪತಿ ಒಂದು ಹತ್ತಿಯ ಹಾಸಿಗೆ, ಒಂದು ದಿಂಬಿನೊಡನೆ ಗಾಡಿ ಷೋರೂಮಿನಲ್ಲಿ ಪ್ರತ್ಯಕ್ಷರಾದರು. ಟೈ ಕಟ್ಟಿದ ಸೇಲ್ಸಿನವನು ಹಾಸಿಗೆ ನೋಡಿದ, ಯಜಮಾನರನ್ನು ನೋಡಿದ, ದನಿ ತಗ್ಗಿಸಿ ಹೆಂಡತಿಯನ್ನು ಕೇಳಿದ.

“ಸಾರ್‌ಗೆ ಮೈ ಹುಷಾರಿಲ್ವಾ ಮೇಡಂ?”

“ಹುಷಾರಾಗಿದಾರೆ. ಗಾಡಿ ಆರಿಸ್ತಾ ಇದಾರೆ.”

ಷೋರೂಮಿನ ಹಿಂದೆ ಅವರದೇ ಜಾಗದಲ್ಲಿ ಗಾಡಿ ಓಡಿಸಿ ನೋಡಲು ಒಂದು ಸುತ್ತುರಸ್ತೆಯಿತ್ತು. ಅದರಲ್ಲಿ ಒಂದು ಏರು, ಎರಡು ಉಬ್ಬು, ಒಂದಷ್ಟು ಗುಂಡಿ. ಮೊದಲು ಪೆಟ್ರೋಲ್ ಗಾಡಿ, ಓಡಿಸುವುದಕ್ಕೆ ಹೆಂಡತಿ, ಪಕ್ಕದಲ್ಲಿ ಸೇಲ್ಸಿನವನು. ಯಜಮಾನರು ಕನ್ನಡಕ ತೆಗೆದು ಜೇಬಿಗಿಟ್ಟು, ಸುಪ್ಪತ್ತಿಗೆಯ ಮೇಲೆ ಪವಡಿಸಿ ಕಣ್ಣು ಮುಚ್ಚಿದರು. ಕಣ್ಣು ಮುಚ್ಚಿದ್ದೇ ಹೊರತು ಮೈಯೆಲ್ಲ ಕಿವಿಯಾಗಿತ್ತು. ಏರಿನಲ್ಲಿ ಗಾಡಿ ಒಂದು ನಿಟ್ಟುಸಿರು ಬಿಟ್ಟಿತು, ಗೊಣಗಲಿಲ್ಲ. ಬೆನ್ನಿಗೆ ತಾಗಿದ್ದು ರಸ್ತೆಯ ಗುಂಡಿ ಮಾತ್ರ, ಇಂಜಿನಲ್ಲ. ಮೂಗಿಗೆ ಬಂದದ್ದು ಹತ್ತಿಯ ವಾಸನೆಯೊಂದೇ.

ಎರಡನೆಯ ಸುತ್ತಿಗೆ ಅವರ ತಲೆಯೊಳಗೆ ದೀಪ ಹತ್ತಿತು. ತಾವು ಸಾಗಿಸುವುದೇನು? ಹತ್ತಿ. ಅದಕ್ಕೆ ಎತ್ತಿನ ಬಲವೇಕೆ? ಓಡುವುದೆಷ್ಟು? ಊರೊಳಗಿನ ನಾಲ್ಕು ಬೀದಿ. ಎಲ್ಲಕ್ಕಿಂತ ಮುಖ್ಯವಾದದ್ದು ಇನ್ನೊಂದಿತ್ತು, ಮೆಕ್ಯಾನಿಕ್ಕಿಗೂ ಔಷಧಿಯವರಿಗೂ ಹೊಳೆಯದೇ ಇದ್ದದ್ದು. ಹತ್ತಿ ಹೊಗೆಯನ್ನು ಕುಡಿಯುತ್ತದೆ. ಡೀಸೆಲ್ ಹೊಗೆ ಕುಡಿದ ದಿಂಬಿಗೆ ಗಿರಾಕಿ ಮುಖ ಒತ್ತಿದರೆ ಗತಿಯೇನು? ಪೆಟ್ರೋಲ್. ಪೆಟ್ರೋಲೇ. ಇದು ಯಾರೂ ಹೇಳಿಕೊಟ್ಟದ್ದಲ್ಲ, ತಮ್ಮ ಸ್ವಂತ ತಲೆಯಿಂದ ಬಂದದ್ದು. ಯಜಮಾನರಿಗೆ ಕಣ್ಣು ಒದ್ದೆಯಾಗುವಷ್ಟು ಸಂತೋಷವಾಯಿತು.

ಕೂಡಲೇ ಎದ್ದು ಹೇಳಿಬಿಡಬಹುದಿತ್ತು. ಆದರೆ ನ್ಯಾಯ ಎಂಬುದೊಂದಿದೆಯಲ್ಲ. ಎರಡೂ ಕಡೆ ಕೇಳದೆ ತೀರ್ಪು ಕೊಡಬಾರದು (ತೀರ್ಪು ಆಗಲೇ ಬರೆದಾಗಿದ್ದರೂ). ಹಾಸಿಗೆಯನ್ನು ಡೀಸೆಲ್ ಗಾಡಿಗೆ ಹಾಕಿಸಿ ಅಲ್ಲೂ ಮಲಗಿದರು. ‘ಪೆಟ್ರೋಲ್ ತಗೊಳ್ಳೋಣ. ಯಾಕೆ ಅಂದ್ರೆ...’ ಎಂದು ಆಮೇಲೆ ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಹೊಂದಿಸತೊಡಗಿದರು. ಐದು ದಿನದ ಭಾರ ಎದೆಯಿಂದ ಇಳಿದಿತ್ತು. ಐದು ರಾತ್ರಿಯ ನಿದ್ದೆ ಬಾಕಿಯಿತ್ತು. ಡೀಸೆಲ್ ಇಂಜಿನ್ ಗಡಗಡ ಎಂದಿತು. ‘ಯಾಕೆ ಅಂದ್ರೆ’ ಎಂಬಲ್ಲಿಗೆ ಅವರ ಲೋಕ ಮುಗಿಯಿತು.

ಎಚ್ಚರವಾದಾಗ ಮೇಲೆ ಹೆಂಡತಿಯ ಮುಖ. ಆ ಮುಖದಲ್ಲಿ ಅವರು ವರ್ಷಗಳಿಂದ ಕಾಣದ ನಗುವಿತ್ತು.

“ಏಳಿ. ಎಲ್ಲಾ ಆಯ್ತು.”

“ಏನಾಯ್ತು?”

“ಗಾಡಿ ಗೊತ್ತಾಯ್ತು. ಸಹಿ ಹಾಕಿ ಹಣಾನೂ ಕಟ್ಟಿಬಿಟ್ಟೆ. ಡೀಸೆಲ್ಲು.”

ಯಜಮಾನರು ಎದ್ದು ಕೂತರು. ಕನ್ನಡಕವಿಲ್ಲದ ಕಣ್ಣಿಗೆ ಜಗತ್ತು ಮಸುಕಾಗಿ ಕಂಡಿತು. ಹಾಗಿದ್ದದ್ದೇ ಒಳ್ಳೆಯದಾಯಿತು.

“ಹದಿನಾಲ್ಕು ವರ್ಷದಲ್ಲಿ ಇಂಥ ಗಿರಾಕೀನ ನೋಡಿಲ್ಲ ಸಾರ್,” ಎಂದ ಸೇಲ್ಸಿನವನು, ನಿಜವಾದ ಭಕ್ತಿಯಿಂದ. “ಉಬ್ಬಿನ ಮೇಲೆ ಹಾರಿಸಿದ್ವಿ. ನೀವು ಮಗ್ಗುಲು ಬದಲಾಯಿಸಿದ್ರಿ, ಅಷ್ಟೇ.”

“ಪೆಟ್ರೋಲ್ ಗಾಡೀಲಿ ಕಣ್ಣು ಮುಚ್ಚಿ ಒದ್ದಾಡ್ತಾ ಇದ್ರಿ, ಕನ್ನಡೀಲಿ ನೋಡ್ತಾ ಇದ್ದೆ,” ಎಂದಳು ಹೆಂಡತಿ. “ಇದರಲ್ಲಿ ಗೇಟಿನ ಹತ್ರಾನೇ ನಿದ್ದೆ, ಇಂಜಿನ್ ನಿಲ್ಲಿಸಿದ್ರೆ ಗೊರಕೆ. ಕೇಳಿದ್ ತಕ್ಷಣ ಕೈ ತಾನಾಗೇ ಪೆನ್ನಿಗೆ ಹೋಯ್ತು ರೀ.”

ಯಜಮಾನರು ಬಾಯಿ ತೆರೆದರು. ಏನು ಹೇಳುವುದು? ಆ ನಿದ್ದೆ ನಿದ್ದೆಯಲ್ಲ ಎನ್ನುವುದೇ? ಗೊರಕೆ ಸುಳ್ಳು ಹೇಳಿತು ಎಂದರೆ ಇಷ್ಟು ವರ್ಷ ಹಾಸಿಗೆ ಕೊಂಡವರೆಲ್ಲ ನಾಳೆ ಅಂಗಡಿಯ ಮುಂದೆ ಸಾಲುಗಟ್ಟಿ ನಿಂತಾರು. ಬಾಯಿ ಮುಚ್ಚಿ ದಿಂಬನ್ನು ಕಂಕುಳಲ್ಲಿ ಇಟ್ಟುಕೊಂಡು ಕೆಳಗಿಳಿದರು.

ಒಂದನೇ ತಾರೀಕಿಗೆ ಹೊಸ ಗಾಡಿಯಲ್ಲಿ ಮೊದಲ ಕಂತಿನ ಹಾಸಿಗೆ ಹೇರಿಕೊಂಡು ಇಬ್ಬರೂ ಹಾಸ್ಟೆಲಿಗೆ ಹೊರಟರು. ಯಜಮಾನರು ಓಡಿಸುತ್ತಿದ್ದರು. ಹೆಂಡತಿಯ ಮಾತು ಕೇಳಿಸಬೇಕಾದರೆ ಆಕೆ ಕಿರುಚಬೇಕಿತ್ತು, ಗಾಡಿಯ ಗತ್ತು ಅಷ್ಟಿತ್ತು.

“ಒಂದು ಹೇಳ್ಲಾ? ಬೇಜಾರು ಮಾಡ್ಕೋಬಾರ್ದು.”

“ಹೇಳು.”

“ನನಗೆ ಪೆಟ್ರೋಲ್ ಗಾಡೀನೇ ಹಿಡಿಸಿತ್ತು.”

ಯಜಮಾನರ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಯಿತು. ಹಿಂದಿನಿಂದ ಯಾರೋ ಹಾರ್ನ್ ಹೊಡೆದು ಬೈದುಕೊಂಡು ಮುಂದೆ ಹೋದರು.

“ಯಾಕೆ?”

“ನಾವು ಹೇರೋದು ಹತ್ತಿ, ಅದಕ್ಕೆ ಇಷ್ಟು ಬಲ ಯಾಕೆ? ಓಡೋದೂ ಊರೊಳಗೇ. ಎಲ್ಲಕ್ಕಿಂತ ಹೆಚ್ಚಾಗಿ ಈ ಹೊಗೆ ಹತ್ತೀಗೆ ಹಿಡ್ಕೊಂಡ್ರೆ ಮಲಗೋರ ಗತಿಯೇನು ಅಂತ ಅನ್ನಿಸ್ತು. ಮೊದಲ ದಿನಾನೇ ಅನ್ನಿಸಿತ್ತು.”

“ಮತ್ತೆ ಹೇಳೋದಲ್ವಾ ನೀನು?”

“ಹೇಗೆ ಹೇಳ್ಲಿ? ಇಷ್ಟು ವರ್ಷಕ್ಕೆ ನೀವು ಬಾಯಿ ಬಿಟ್ಟು ಕೇಳಿದ್ದು ಒಂದೇ ಒಂದು. ಎಲ್ಲದರಲ್ಲೂ ನಾನೇ ಮುಂದೆ ಬೀಳ್ತೀನಿ ಅಂತ ನನಗೂ ಗೊತ್ತು ರೀ. ಇದೊಂದರಲ್ಲಿ ಬಾಯಿಗೆ ಸೆರಗು ಒತ್ಕೊಂಡು ತಡ್ಕೊಂಡೆ. ಎಷ್ಟು ಕಷ್ಟ ಆಯ್ತು ಗೊತ್ತಾ?”

ಯಜಮಾನರಿಗೆ ಅವತ್ತಿನ ಆ ಸೆರಗು ನೆನಪಾಯಿತು. ನಗುತ್ತಿದ್ದಾಳೆ ಎಂದುಕೊಂಡಿದ್ದರಲ್ಲ ತಾವು! ಆ ಹೆಂಗಸಿನ ಮೇಲೆ ಮದುವೆಯ ದಿನವೂ ಬಾರದಷ್ಟು ಪ್ರೀತಿ ಬಂತು. ‘ನನಗೂ ಪೆಟ್ರೋಲೇ ಕಣೇ’ ಎಂಬ ಮಾತು ನಾಲಗೆಯ ತುದಿಗೆ ಬಂದು ನಿಂತಿತು. ಅದನ್ನು ಹೇಳಿದರೆ ಆಕೆ ಪಟ್ಟ ಕಷ್ಟವೆಲ್ಲ ನೀರುಪಾಲು. ಹೇಳದೆ ಸುಮ್ಮನಿದ್ದರೆ ಆಕೆ ಡೀಸೆಲ್ಲಿನ ಮೇಲೆ ಅನುಮಾನವಿಟ್ಟುಕೊಂಡೇ ಇರುತ್ತಾಳೆ. ಯಜಮಾನರು ಆ ಮಾತನ್ನು ನುಂಗಿ ಗಾಡಿಯನ್ನು ಹೊರಡಿಸಿದರು.

“ಅದು ಹಾಗಲ್ಲ,” ಎಂದು ಶುರುಮಾಡಿದರು.

ಹಾಸ್ಟೆಲ್ಲಿನ ಏರು ಬರುವವರೆಗೆ ನಿಲ್ಲಿಸಲಿಲ್ಲ. ಇವತ್ತು ಹತ್ತಿ, ನಾಳೆ ತೆಂಗಿನ ನಾರು, ಅದೆಷ್ಟು ಭಾರ ಗೊತ್ತೇ? ಇವತ್ತು ಊರೊಳಗೆ, ನಾಳೆ ವ್ಯಾಪಾರ ಬೆಳೆದರೆ ಎಲ್ಲೆಲ್ಲಿಗೆ ಹೋಗಬೇಕೋ. ಹೊಗೆಗೇನು, ಎರಡು ಪದರ ತಾಡಪಾಲು ಸುತ್ತಿದರೆ ಮುಗಿಯಿತು. ಮಗು, ಎತ್ತು, ಗತ್ತು, ಭಾವಮೈದುನನ ಹತ್ತಿರ ಕೇಳಿದ್ದೆಲ್ಲ ಹೊರಗೆ ಬಂತು, ಕೇಳದ್ದೂ ಬಂತು. ತಮ್ಮದೇ ಮೂರು ಕಾರಣಗಳನ್ನು ತಾವೇ ಒಂದೊಂದಾಗಿ ನೆಲಕ್ಕೆ ಕೆಡವುವಾಗ ಅವರಿಗೆ ಹೊಟ್ಟೆ ಉರಿಯಿತು. ಆದರೂ ಬಿಡಲಿಲ್ಲ.

ಹೆಂಡತಿ ಕಣ್ಣರಳಿಸಿ ಕೇಳುತ್ತಿದ್ದಳು.

“ಇಷ್ಟೆಲ್ಲಾ ಯೋಚನೆ ಮಾಡಿದ್ರಾ? ನನಗೆ ಇದೊಂದೂ ಹೊಳೀಲಿಲ್ಲ ನೋಡಿ. ಸುಮ್ನೆ ಇಷ್ಟು ವರ್ಷ ನಿಮ್ಮನ್ನ ಕೇಳ್ದೆ ಎಲ್ಲಾ ನಾನೇ ಮಾಡ್ಕೊಂಡು ಬಂದೆ. ಇನ್ಮೇಲೆ ನೀವೇ ಆರಿಸಿ. ಮೊದಲು ಬಚ್ಚಲಮನೆ ಟೈಲ್ಸು.”

“ಟೈಲ್ಸ್ ಮೇಲೆ ಮಲಗೋಕಾಗುತ್ತೇನೇ?”

“ಯಾಕಾಗಲ್ಲ? ನಾಳೆ ಹನ್ನೊಂದಕ್ಕೆ ಬರ್ತೀವಿ ಅಂತ ಆ ಅಂಗಡಿಯವರಿಗೆ ಹೇಳಿಯೂ ಆಯ್ತು. ಜಾಗ ಗುಡಿಸಿ ಇಟ್ಟಿರ್ತಾರಂತೆ.”

ಯಜಮಾನರು ಗೇರು ಬದಲಾಯಿಸಿ ಏರು ಹತ್ತಿಸತೊಡಗಿದರು.